ಗಡಗಡ ಓದ್ತಾನೆ, ಅರ್ಥ ಆಗಿದೆಯಾ?

ಮಗ ಪಾಠವನ್ನು ಗಡಗಡ ಓದಿ ಮುಗಿಸುತ್ತಾನೆ. ಒಂದು ತಪ್ಪಿಲ್ಲ. ಪುಸ್ತಕ ಮುಚ್ಚಿಸಿ ‘ಏನೋ ಓದಿದೆ?’ ಅಂದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾನೆ. ನಿಮಗೆ ಸಿಟ್ಟು. ‘ಇನ್ನೊಂದ್ಸಲ ಓದು’ ಅಂತೀರಿ. ಹತ್ತು ಸಲ ಓದಿದರೂ ಅಷ್ಟೇ. ಕೊನೆಗೆ ‘ದಡ್ಡ’ ಅನ್ನೋ ಬಿರುದು. ಪಾಪ, ಅವನಿಗೆ ಓದು ಅಂದರೆ ಬೈಗುಳ ಅಂತಾಗಿಬಿಡುತ್ತೆ.

ಬೈಯುವ ಮುಂಚೆ ಕಾನ್ಸೆಪ್ಟ್ ಮ್ಯಾಪ್ ಮಾಡಿಸಿ ನೋಡಿ. ಹೆಸರು ಕೇಳಿ ಗಾಬರಿಯಾಗಬೇಡಿ. ಪಾಠದ ಮುಖ್ಯ ಪದಗಳನ್ನು ಚೌಕದೊಳಗೆ ಬರೆದು, ನಡುವೆ ಗೆರೆ ಎಳೆದು, ಆ ಗೆರೆಯ ಮೇಲೆ ಸಂಬಂಧ ಏನೆಂದು ಬರೆಯೋದು, ಅಷ್ಟೆ. ಮಕ್ಕಳಿಗೆ ವಿಜ್ಞಾನ ಎಷ್ಟು ಅರ್ಥವಾಗಿದೆ ಎಂದು ತಿಳಿಯಲು 1970ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ ಮತ್ತು ಸಂಗಡಿಗರು ರೂಪಿಸಿದ ವಿಧಾನವಿದು. ಇದಕ್ಕೆಂದೇ ‘ಸಿಮ್ಯಾಪ್ ಟೂಲ್ಸ್’ ಎಂಬ ತಂತ್ರಾಂಶವಿದೆ. ಉಚಿತವಾಗಿ ಸಿಗುತ್ತೆ. ಖಾಲಿ ಜಾಗದಲ್ಲಿ ಎರಡು ಸಲ ಕ್ಲಿಕ್ ಮಾಡಿದರೆ ಚೌಕ ಮೂಡುತ್ತೆ. ಚೌಕದ ಮೇಲಿನ ಬಾಣದ ಗುರುತನ್ನು ಎಳೆದರೆ ಗೆರೆ, ಗೆರೆಯ ನಡುವೆ ಪ್ರಶ್ನೆ ಚಿಹ್ನೆಗಳು. ನಮಗೆ ಬೇಕಾದದ್ದು ಆ ಪ್ರಶ್ನೆ ಚಿಹ್ನೆಗಳೇ!

ರೇಷ್ಮೆಯ ಪಾಠವನ್ನೇ ತಗೊಳ್ಳಿ. ಹುಳು, ಹಿಪ್ಪುನೇರಳೆ ಸೊಪ್ಪು, ಗೂಡು, ಪತಂಗ, ಮೊಟ್ಟೆ, ನೂಲು. ಆರು ಪದ ಸಾಕು. ‘ಹುಳು’ವಿನಿಂದ ‘ಸೊಪ್ಪು’ವಿಗೆ ಗೆರೆ, ‘ತಿನ್ನುತ್ತದೆ’. ಇದು ಸಲೀಸು. ಮುಂದೆ ‘ಪತಂಗ’ದಿಂದ ‘ಗೂಡು’ವಿಗೆ ಗೆರೆ ಎಳೆದು ‘ಕಟ್ಟುತ್ತದೆ’ ಅಂತ ಬರೆದನಾ? ಸಿಕ್ಕಿತಲ್ಲ ತೊಡಕು! ಜೋರಾಗಿ ಓದಿಸುವಾಗ ಇದು ನಿಮ್ಮ ಕಿವಿಗೆ ಬೀಳ್ತಾನೇ ಇರಲಿಲ್ಲ. ‘ತಪ್ಪು’ ಅನ್ನಬೇಡಿ. ‘ಯಾವ ಸಾಲಲ್ಲಿದೆ, ತೋರ್ಸು ಪುಟ್ಟ’ ಅನ್ನಿ. ಅವನೇ ಹುಡುಕಲಿ. ಗೂಡು ಕಟ್ಟೋದು ಹುಳು, ಅದರಿಂದ ಹೊರಬರೋದು ಪತಂಗ ಅಂತ ಗೊತ್ತಾದಾಗ ಗೆರೆಯನ್ನು ತಾನೇ ಬದಲಿಸ್ತಾನೆ. ಕಂಪ್ಯೂಟರಿನ ಲಾಭ ಇಲ್ಲೇ. ಚಿತ್ತಿಲ್ಲ, ರಬ್ಬರ್ ಬೇಡ, ಹಾಳೆ ಹರಿಯೋದಿಲ್ಲ.

ಅಮ್ಮಂದಿರು ಮಾಡೋ ತಪ್ಪೊಂದಿದೆ. ‘ಕೊಡು ಇಲ್ಲಿ’ ಅಂತ ಮೌಸ್ ಕಸಿದುಕೊಂಡು ತಾವೇ ಚೆಂದದ ನಕ್ಷೆ ಮಾಡಿಕೊಡೋದು. ಆಗ ಅದೂ ಬಾಯಿಪಾಠಕ್ಕೆ ಇನ್ನೊಂದು ಹಾಳೆ, ಅಷ್ಟೆ. ಬಣ್ಣ ಹಚ್ಚುವುದರಲ್ಲೇ ಸಂಜೆ ಕಳೆಯುವ ಮಕ್ಕಳೂ ಇದ್ದಾರೆ, ಗಮನವಿರಲಿ. ಕನ್ನಡ ಟೈಪಿಂಗ್ ಕಷ್ಟವಾದರೆ ಅವನು ಹೇಳಲಿ, ನೀವು ಟೈಪ್ ಮಾಡಿ. ಅವನು ಹೇಳಿದ್ದನ್ನೇ, ತಿದ್ದದೆ.

ಇನ್ನೂ ಅಕ್ಷರ ಕೂಡಿಸಿ ಓದುವ ಮಗುವಿಗೆ ಇದು ಬೇಡ. ಕಂಪ್ಯೂಟರ್ ಇಲ್ಲವೆಂಬ ಚಿಂತೆಯೂ ಬೇಡ. ಹಳೇ ಕ್ಯಾಲೆಂಡರಿನ ಹಿಂಬದಿ, ನಾಲ್ಕು ಚೀಟಿ, ಒಂದು ಪೆನ್ಸಿಲ್ ಇದ್ದರೆ ಇವತ್ತೇ ಶುರು ಮಾಡಬಹುದು.