ಗಂಡ ಕೆಳಮನೆಯಲ್ಲಿ, ಹೆಂಡತಿ ಮೇಲ್ಮನೆಯಲ್ಲಿ

ಬ್ರಿಟನ್ನಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಹೆಣ್ಣುಮಕ್ಕಳಿಗೆ ಕೂರೋಕೆ ಜಾಗ ಸಿಕ್ಕಿದ್ದು 1958ರಲ್ಲಿ. ಅಲ್ಲಿವರೆಗೆ ನೂರಾರು ವರ್ಷ ಅದು ಬರೀ ಗಂಡಸರ ಮನೆ. ನಮ್ಮ ರಾಜ್ಯಸಭೆಯಲ್ಲಿ? 1952ರಲ್ಲಿ ಶುರುವಾದಾಗಲೇ ಮಹಿಳೆಯರಿದ್ದರು. ಅವರಲ್ಲೊಬ್ಬರು ವಯೊಲೆಟ್ ಆಳ್ವ.

ಹುಟ್ಟಿದ್ದು 1908ರಲ್ಲಿ, ಅಹಮದಾಬಾದಿನಲ್ಲಿ. ತಂದೆ ಪಾದ್ರಿ. 16ರ ವಯಸ್ಸಿಗೆ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹುಡುಗಿಯನ್ನು ಒಡಹುಟ್ಟಿದವರು ಓದಿಸಿದರು. ಮುಂಬೈನಲ್ಲಿ ವಕೀಲೆಯಾದರು, ಉಡುಪಿ ಕಡೆಯ ಜೋಕಿಂ ಆಳ್ವರನ್ನು ಮದುವೆಯಾದರು. 1943ರಲ್ಲಿ ಬ್ರಿಟಿಷ್ ಸರ್ಕಾರ ಜೈಲಿಗೆ ಹಾಕಿದಾಗ ಕಂಕುಳಲ್ಲಿ 5 ತಿಂಗಳ ಕೂಸು! ಮರುವರ್ಷವೇ ಹೈಕೋರ್ಟಿನ ಪೂರ್ಣಪೀಠದ ಮುಂದೆ ನಿಂತು ವಾದಿಸಿದರು. ಹಾಗೆ ವಾದಿಸಿದ ದೇಶದ ಮೊದಲ ಮಹಿಳಾ ವಕೀಲೆ ಅವರೇ.

1952ರಲ್ಲಿ ಗಂಡ ಲೋಕಸಭೆಗೆ, ಹೆಂಡತಿ ರಾಜ್ಯಸಭೆಗೆ. 1957ರಲ್ಲಿ ವಯೊಲೆಟ್ ಕೇಂದ್ರ ಗೃಹ ಖಾತೆಯ ಉಪಮಂತ್ರಿ. 1960ರಿಂದ ಅವರು ಮೈಸೂರು ರಾಜ್ಯದ ಪ್ರತಿನಿಧಿ. ರಾಜ್ಯಸಭೆಗೆ ಮತ ಹಾಕೋದು ಶಾಸಕರು ತಾನೇ? ಅಂದರೆ ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಲೆಕ್ಕದಲ್ಲೂ ಅವರು ನಮ್ಮವರೇ. 1962ರಲ್ಲಿ ರಾಜ್ಯಸಭೆಯ ಉಪಸಭಾಪತಿಯಾದರು. ಆ ಪೀಠಕ್ಕೆ ಬಂದ ಮೊದಲ ಮಹಿಳೆ. ಏಳು ವರ್ಷ ಸಭೆ ನಡೆಸಿ, 1969ರ ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಕೆಲವೇ ದಿನಕ್ಕೆ, 20ರಂದು, ತೀರಿಕೊಂಡರು. ಮುಂದೆ 1974ರಲ್ಲಿ ಸೊಸೆ ಮಾರ್ಗರೇಟ್ ಆಳ್ವ ಅದೇ ಸಭೆಗೆ ಬಂದರು. ನಾಲ್ಕು ಅವಧಿ ಅಲ್ಲಿದ್ದರು.

ಈ ಹಳೇ ಕಥೆ ಈಗ ಯಾಕೆ ಅಂತೀರಾ? ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೇ ಮೀಸಲು. ಆದರೆ ಕುರ್ಚಿ ಮೇಲೆ ಯಾರಿರ್ತಾರೆ ನೋಡಿ.

ನಮ್ಮ ದೊಡ್ಡಮ್ಮ ಶ್ರೀನಿವಾಸಪುರದ ಕಡೆ ಒಂದು ಗ್ರಾಮ ಪಂಚಾಯಿತಿಗೆ ಗೆದ್ದಾಗ ಹಾರ ಬಿದ್ದಿದ್ದು ದೊಡ್ಡಪ್ಪನ ಕೊರಳಿಗೆ! ಮೊದಲೆರಡು ಸಭೆಗೆ ಹೋಗಿದ್ದೂ ಅವರೇ. ಮೂರನೇ ಸಲ ದೊಡ್ಡಮ್ಮ, "ಹಾಲು ನೀವು ಡೈರಿಗೆ ಹಾಕ್ಬನ್ನಿ, ಸಭೆಗೆ ನಾನು ಹೋಗ್ತೀನಿ" ಅಂದ್ರು. ಹೋಗಿ ಕೇಳಿದ್ದು ಒಂದೇ ಪ್ರಶ್ನೆ: ಕೆಟ್ಟು ನಿಂತ ಬೋರ್‌ವೆಲ್ ಮೋಟಾರು ಯಾವಾಗ ರಿಪೇರಿ? ಅದುವರೆಗೂ ಆ ಪ್ರಶ್ನೆ ಸಭೆಗೇ ಬಂದಿರಲಿಲ್ಲ. ನೀರು ಹೊರೋರು ಸಭೆಯಲ್ಲಿ ಇರದಿದ್ದರೆ ಹೇಗೆ ಬರುತ್ತೆ?

ಕಾನೂನು ಸೀಟು ಕೊಡುತ್ತೆ. ಅದರಲ್ಲಿ ಕೂರೋಕೆ ಮನೆಯವರೂ ಜಾಗ ಬಿಡಬೇಕು. ಜೋಕಿಂ ಆಳ್ವ ತಮ್ಮ ಸೀಟಿನಲ್ಲಿ ಕೂತರು, ಹೆಂಡತಿಯ ಸೀಟಿನಲ್ಲಲ್ಲ. 2008ರಲ್ಲಿ ಅಂಚೆ ಇಲಾಖೆ ಅವರಿಬ್ಬರ ನೆನಪಿಗೆ ಒಂದೇ ಸ್ಟ್ಯಾಂಪ್ ತಂತು.

ಈ ಸಲ ಊರಿಗೆ ಹೋದಾಗ ನಿಮ್ಮ ವಾರ್ಡಿನ ಮೆಂಬರ್ ಯಾರು ಅಂತ ವಿಚಾರಿಸಿ. ಉತ್ತರದಲ್ಲಿ ಬರೋದು ಅವರ ಹೆಸರೋ, ಅವರ ಯಜಮಾನರದ್ದೋ?