ದೃಷ್ಟಿವಿಹೀನ ಮಕ್ಕಳ ಕನ್ನಡ ಕಲಿಕೆಗೆ ಗಣಕದ ನೆರವು

ದೃಷ್ಟಿವಿಹೀನ ವಿದ್ಯಾರ್ಥಿಗಳ ಅಕ್ಷರಾಭ್ಯಾಸಕ್ಕೆ ಬ್ರೈಲ್ ಲಿಪಿಯೇ ಇಂದಿಗೂ ತಳಹದಿ. ಭಾರತೀಯ ಭಾಷೆಗಳಿಗೆ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ರೂಪುಗೊಂಡಿತು. ಆದರೆ ಬ್ರೈಲ್‌ನಲ್ಲಿ ಒಂದೇ ಪಠ್ಯಪುಸ್ತಕ ಹಲವು ಸಂಪುಟಗಳಾಗಿ ಬೆಳೆಯುತ್ತದೆ. ಶಾಲೆಗೆ ಹೊತ್ತೊಯ್ಯುವುದು ಸುಲಭವಲ್ಲ. ಇಲ್ಲಿ ನೆರವಿಗೆ ಬರುವುದು, ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಆಸ್ಟ್ರೇಲಿಯಾದ ದೃಷ್ಟಿವಿಹೀನ ತಂತ್ರಜ್ಞ ಮೈಕೇಲ್ ಕರ್ರನ್ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಉಚಿತವಾಗಿ ದೊರೆಯುತ್ತದೆ. ಅದರೊಡನೆ ಬರುವ ಇ-ಸ್ಪೀಕ್ ಕನ್ನಡವನ್ನೂ ಓದಬಲ್ಲದು. ಧ್ವನಿ ತುಸು ಯಾಂತ್ರಿಕವೆಂಬುದು ನಿಜ, ಆದರೆ ಕೇಳುತ್ತ ಕೇಳುತ್ತ ಕಿವಿ ಒಗ್ಗುತ್ತದೆ.

ತೊಡಕಿರುವುದು ಬೇರೆಡೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಕಡತ ನಮ್ಮ ಕಣ್ಣಿಗೆ ಕನ್ನಡ. ಗಣಕಕ್ಕಾದರೋ ರೋಮನ್ ಅಕ್ಷರ, ಚಿಹ್ನೆಗಳ ಗೋಜಲು. ತಂತ್ರಾಂಶ ಓದುವುದು ಆ ಗೋಜಲನ್ನೇ! ಯೂನಿಕೋಡ್‌ನಲ್ಲಿದ್ದರೆ ಮಾತ್ರ 'ಕಮಲ' ಎಂದು ಬರೆದದ್ದು ಕಮಲವೆಂದೇ ಕೇಳಿಸೀತು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ನಿಗದಿತ ಪ್ರಮಾಣದ ನ್ಯೂನತೆಯುಳ್ಳ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕಗಳನ್ನೂ ಸೂಕ್ತ ಸಾಧನಗಳನ್ನೂ ಉಚಿತವಾಗಿ ಒದಗಿಸಬೇಕೆನ್ನುತ್ತದೆ. ಪಾಲಕರು ಇದನ್ನು ಶಾಲೆಯಲ್ಲಿ ಸಂಕೋಚವಿಲ್ಲದೆ ಕೇಳಬಹುದು. ಆದರೆ ಕನ್ನಡ ಶಾಲೆಗಳಿಲ್ಲದ ಹೊರನಾಡ ಬಡಾವಣೆಗಳಲ್ಲಿ ನಮ್ಮ ಭಾಷೆಯ ಪಾಠ ನಡೆಯುವುದು ಸಂಘಗಳ ವಾರಾಂತ್ಯದ ತರಗತಿಗಳಲ್ಲಿ. ಅಲ್ಲಿ ಹಂಚುವ ಪಾಠಗಳು ಹಳೆಯ ಅಕ್ಷರಶೈಲಿಯಲ್ಲೇ ಉಳಿದಿದ್ದರೆ, ಇಂಗ್ಲಿಷನ್ನು ಸರಾಗವಾಗಿ ಕೇಳಿ ಕಲಿಯುವ ಮಗು ಮನೆಮಾತಿನ ಓದಿಗೆ ಮಾತ್ರ ಹೊರಗಾಗುತ್ತದೆ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳು ಲಭ್ಯ. ಒತ್ತಕ್ಷರಗಳಲ್ಲಿ ತಪ್ಪು ನುಸುಳುವುದುಂಟು. ಪರಿವರ್ತಿಸಿದ ಪಾಠವನ್ನು ಕನ್ನಡ ಬಲ್ಲವರೊಬ್ಬರು ಮೊದಲಿನಿಂದ ಓದಿ ತಿದ್ದಿಕೊಡಬೇಕಾಗುತ್ತದೆ.