ವಿದ್ಯುತ್ ಹರಿಸುವ ಪ್ಲಾಸ್ಟಿಕ್: ಎಳೆಯೋ, ಗಂಟೋ?

ಕುದಿಯುವ ನೀರಿಗೆ ರಾಗಿಹಿಟ್ಟು ಹಾಕಿ ಕಲಕದೆ ಬಿಟ್ಟರೆ ಏನಾಗುತ್ತದೆ? ಗಂಟು ಕಟ್ಟುತ್ತದೆ. ಗಂಟನ್ನು ಒಡೆದು ನೋಡಿ, ಒಳಗಿನ ಹಿಟ್ಟಿಗೆ ನೀರೇ ತಾಗಿರುವುದಿಲ್ಲ. ಪಾಲಿಅನಿಲೀನ್ ಎಂಬ ಪಾಲಿಮರ್ ತಯಾರಿಸುವಾಗಲೂ ಗಂಟಿನದೇ ತೊಂದರೆ. ಆದರೆ ಅಲ್ಲಿ ಕಲಕುತ್ತಲೇ ಇದ್ದರೆ ಗಂಟು!

ಪ್ಲಾಸ್ಟಿಕ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲವೆಂದು ನೀವು ಪಾಠದಲ್ಲಿ ಓದಿದ್ದೀರಿ. ಎಲ್ಲ ಪಾಲಿಮರ್‌ಗಳೂ ಹಾಗಲ್ಲವೆಂದು 1977ರಲ್ಲಿ ತೋರಿಸಿದವರು ಶಿರಕಾವಾ, ಮ್ಯಾಕ್‌ಡಯರ್ಮಿಡ್ ಮತ್ತು ಹೀಗರ್. 2000ದ ನೊಬೆಲ್ ಪ್ರಶಸ್ತಿ ಅವರದಾಯಿತು. ಪಾಲಿಅನಿಲೀನ್ ಇದೇ ಬಳಗದ್ದು. ಆಮ್ಲ ಸೇರಿದಾಗ ಅದು ಹಸಿರು ಬಣ್ಣದ ವಾಹಕ. ಅಮೋನಿಯಾ ಸೋಕಿದರೆ ಆಮ್ಲವನ್ನು ಕಳೆದುಕೊಂಡು ನೀಲಿಗೆ ತಿರುಗುತ್ತದೆ, ವಿದ್ಯುತ್ ರೋಧ ಏರುತ್ತದೆ. ಅಂದರೆ, ಅನಿಲ ಸೋರಿಕೆಯನ್ನು ಪತ್ತೆಹಚ್ಚಲು ಇದನ್ನು ಬಳಸಬಹುದು. ಆದರೆ ಗಂಟಿನ ಒಳಭಾಗಕ್ಕೆ ಅನಿಲ ತಲಪಲು ಹೊತ್ತು ಹಿಡಿಯುತ್ತದೆ. ಬೇಕಾದದ್ದು ನವಿರಾದ ಎಳೆ.

ಆಮ್ಲದಲ್ಲಿ ಕರಗಿಸಿದ ಅನಿಲೀನ್‌ಗೆ ಅಮೋನಿಯಂ ಪರ್‌ಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತಾ ಕಲಕುವುದು ಹಳೆಯ ಕ್ರಮ. (ಅನಿಲೀನ್ ವಿಷ, ಮನೆಯಲ್ಲಿ ಈ ಪ್ರಯೋಗ ಬೇಡ.) ಸ್ವಾರಸ್ಯವೆಂದರೆ, ಮೊದಲು ಹುಟ್ಟುವುದು ಎಳೆಗಳೇ. ಆಮೇಲೆ ಹೊಸ ಪಾಲಿಮರ್ ಅವುಗಳ ಮೇಲೆಯೇ ಕೂರುತ್ತಾ ಹೋಗಿ ಗಂಟಾಗುತ್ತದೆ. ಹಾಗಾದರೆ ಎಳೆಯನ್ನು ಹೊಸದಾಗಿ ಕಟ್ಟಬೇಕಿಲ್ಲ, ಹುಟ್ಟಿದ್ದನ್ನು ಕೆಡದಂತೆ ಕಾಪಾಡಿದರೆ ಸಾಕು!

2003ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಿಯಾಶಿಂಗ್ ಹುವಾಂಗ್ ಮತ್ತು ರಿಚರ್ಡ್ ಕೇನರ್ ಇದಕ್ಕೊಂದು ಉಪಾಯ ಹೂಡಿದರು. ನೀರಿನೊಡನೆ ಬೆರೆಯದ ದ್ರಾವಕವೊಂದರಲ್ಲಿ ಅನಿಲೀನ್; ನೀರಿನಲ್ಲಿ ಆಮ್ಲ ಮತ್ತು ಪರ್‌ಸಲ್ಫೇಟ್. ಎರಡು ಪದರಗಳು ಕೂಡುವ ಗಡಿಯಲ್ಲಷ್ಟೇ ಕ್ರಿಯೆ ನಡೆಯುತ್ತದೆ. ಹುಟ್ಟಿದ ಹಸಿರು ಎಳೆ ನೀರನ್ನು ಮೆಚ್ಚುವಂಥದ್ದು. ಮೈದುಂಬಿಕೊಳ್ಳುವ ಮೊದಲೇ ಗಡಿ ಬಿಟ್ಟು ನೀರಿಗಿಳಿಯುತ್ತದೆ! ಎಳೆಯ ದಪ್ಪ ಆಮ್ಲವನ್ನು ಅವಲಂಬಿಸಿದೆ: ಹೈಡ್ರೋಕ್ಲೋರಿಕ್ ಆಮ್ಲವಾದರೆ ಸುಮಾರು 30 ನ್ಯಾನೋಮೀಟರ್, ಪರ್‌ಕ್ಲೋರಿಕ್ ಆಮ್ಲವಾದರೆ 120. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು.

ಮರುವರ್ಷ ಇನ್ನೂ ಸುಲಭದ ದಾರಿ ಸಿಕ್ಕಿತು. ಪರ್‌ಸಲ್ಫೇಟನ್ನು ಹನಿಹನಿಯಾಗಿ ಬಿಡದೆ, ಎರಡು ದ್ರಾವಣಗಳನ್ನೂ ಒಮ್ಮೆಲೇ ಸುರಿದು ಚುರುಕಾಗಿ ಬೆರೆಸುವುದು. ಆಗ ಪರ್‌ಸಲ್ಫೇಟ್ ಎಲ್ಲೆಡೆ ಸಮನಾಗಿ ಹರಡಿ, ಮೊದಲ ಎಳೆಗಳನ್ನು ಹುಟ್ಟಿಸುವುದರಲ್ಲೇ ಮುಗಿದುಹೋಗುತ್ತದೆ. ಅವುಗಳ ಮೇಲೆ ಮೆತ್ತಿಸಲು ಉಳಿಯುವುದಿಲ್ಲ. ಆಮೇಲೆ ಮುಟ್ಟದೆ ಬಿಡಬೇಕು. ಕಲಕುತ್ತಲೇ ಇದ್ದರೆ ಮತ್ತೆ ಗಂಟು ಎಂಬುದನ್ನು 2006ರಲ್ಲಿ ಡ್ಯಾನ್ ಲೀ ಮತ್ತು ಕೇನರ್ ತೋರಿಸಿದರು. ಹೊಸ ಯಂತ್ರವಿಲ್ಲ, ದುಬಾರಿ ಅಚ್ಚಿಲ್ಲ. ಸುರಿಯುವ ರೀತಿ ಬದಲಾಯಿತು, ಅಷ್ಟೆ.

ಇಂಥ ಎಳೆಗಳ ತೆಳುಪದರ ಹಳೆಯ ಬಗೆಯ ಪದರಕ್ಕಿಂತ ಬೇಗ ಅನಿಲವನ್ನು ಗುರುತಿಸುತ್ತದೆ. ಪದರ ತುಸು ದಪ್ಪವಾದರೂ ನಡೆಯುತ್ತದೆ, ಎಳೆಗಳ ನಡುವಿನ ಸಂದಿಗಳಲ್ಲಿ ಅನಿಲ ನುಸುಳಿ ಒಳಗಿನ ಎಳೆಯನ್ನೂ ಮುಟ್ಟುತ್ತದೆ.